‘ಹಾರ್ಟಿಗೆ ಒಳ್ಳೇದು’ ಅಂತ ಮಾರುವ ಡಬ್ಬಿಗಳು: ಯಾವುದು ಯಾರಿಗೆ, ಯಾವುದು ಯಾರಿಗೂ ಬೇಡ

ಮೆಡಿಕಲ್ ಶಾಪಿಗೆ ಹೋಗಿ ‘ಹಾರ್ಟಿಗೆ ಒಳ್ಳೇದು ಏನಾದ್ರೂ ಕೊಡಿ’ ಅಂದರೆ ಸಾಕು, ನಾಲ್ಕೈದು ಡಬ್ಬಿ ಕೌಂಟರ್ ಮೇಲೆ ಬಂದು ಕೂರುತ್ತವೆ. ಮೀನೆಣ್ಣೆ ಕ್ಯಾಪ್ಸೂಲ್, ಕೋಕ್ಯೂ10, ಬೆಳ್ಳುಳ್ಳಿ ಮಾತ್ರೆ, ಅರ್ಜುನ ತೊಗಟೆ ಪುಡಿ, ಮೇಲೊಂದು ಮಲ್ಟಿವಿಟಮಿನ್. ಎಲ್ಲದರ ಮೇಲೂ ಕೆಂಪು ಹೃದಯದ ಚಿತ್ರ. ಯಾವುದು ಯಾವ ತೊಂದರೆಗೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಜನ ಚೆಕಪ್‌ಗೆ ಓಡಿದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗಲೂ ಅಷ್ಟೇ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತಿತ್ತು. ಚೆಕಪ್ ಮಾಡಿಸಿದ್ದು ಒಳ್ಳೆಯದೇ. ಆದರೆ ರಿಪೋರ್ಟ್ ಕೈಗೆ ಬಂದ ಮೇಲೆ ಬಹಳ ಜನ ಅದನ್ನು ಬೀರುವಿನಲ್ಲಿಟ್ಟು, ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಡಬ್ಬಿಯ ಫೋಟೋ ತೋರಿಸಿ ಅದನ್ನೇ ಕೊಂಡು ತಂದರು. ನನ್ನ ತಕರಾರು ಇರುವುದು ಇಲ್ಲೇ.

‘ಹಾರ್ಟಿಗೆ ಒಳ್ಳೇದು’ ಅನ್ನುವುದು ಒಂದೇ ಕೆಲಸ ಅಲ್ಲ. ಒಬ್ಬರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಜಾಸ್ತಿ ಇರುತ್ತದೆ, ಇನ್ನೊಬ್ಬರಿಗೆ ಎಲ್‌ಡಿಎಲ್ ಸರಿಯಾಗಿದ್ದು ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಕೊಬ್ಬು 350 ಇರುತ್ತದೆ, ಮತ್ತೊಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಹೃದಯದ ಪಂಪ್ ಮಾಡುವ ಶಕ್ತಿಯೇ ಕಡಿಮೆಯಾಗಿರುತ್ತದೆ. ಈ ನಾಲ್ಕಕ್ಕೂ ಒಂದೇ ಡಬ್ಬಿ ಆಗುವುದಿಲ್ಲ. ಅದಕ್ಕೇ ಇಲ್ಲಿ ಡಬ್ಬಿಗಳನ್ನು ಹೆಸರಿನ ಪ್ರಕಾರ ಅಲ್ಲ, ರಿಪೋರ್ಟಿನಲ್ಲಿರುವ ತೊಂದರೆಯ ಪ್ರಕಾರ ಹೋಲಿಸಿದ್ದೇನೆ. ನಿಮ್ಮ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ರಿಪೋರ್ಟ್, ಎದುರಿಗಿಟ್ಟುಕೊಂಡು ಓದಿ. ರಿಪೋರ್ಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಒಂದು ಡಬ್ಬಿ ಮೀನೆಣ್ಣೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮೊದಲೇ. ಎದೆ ಹಿಂಡಿದಂತೆ ನೋವು, ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ ಬೆಳ್ಳುಳ್ಳಿ, ಶುಂಠಿ ಅಂತ ಕಷಾಯ ಕಾಯಿಸುತ್ತಾ ಕೂರಬೇಡಿ. ‘ಗ್ಯಾಸ್ ಇರಬೇಕು’ ಅಂತಲೂ ಕಾಯಬೇಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಸೀದಾ ಅಲ್ಲಿಗೆ ಹೋಗಿ.

ಎಲ್‌ಡಿಎಲ್ ಜಾಸ್ತಿ ಇದ್ದರೆ

ಈ ಪಟ್ಟಿಯಲ್ಲಿ ನನ್ನ ಮೊದಲ ಆಯ್ಕೆ ಯಾರೂ ಹಾರ್ಟಿನ ಕಪಾಟಿನಲ್ಲಿ ಇಡದ ಇಸಬ್‌ಗೋಲ್. ಹೌದು, ಹೊಟ್ಟೆ ಕಟ್ಟಿದಾಗ ರಾತ್ರಿ ನೀರಿಗೆ ಕಲಸಿ ಕುಡಿಯುವ ಅದೇ ಹೊಟ್ಟು. ಗುಜರಾತಿನ ಊಂಝಾ, ಸಿದ್ಧಪುರದ ಕಡೆಯಿಂದ ಪ್ರಪಂಚಕ್ಕೆಲ್ಲ ಹೋಗುತ್ತದೆ. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಇದರ ಪೊಟ್ಟಣದ ಮೇಲೆ ಹೃದಯದ ಬಗ್ಗೆ ಬರೆದುಕೊಳ್ಳಲು ಒಪ್ಪಿಗೆ ಕೊಟ್ಟಿದೆ. ಒಂದು ಷರತ್ತು ಇದೆ, ದಿನಕ್ಕೆ 7 ಗ್ರಾಂ ಕರಗುವ ನಾರು ಇದರಿಂದ ಸಿಗಬೇಕು. ಅಂದರೆ ಸುಮಾರು 10 ಗ್ರಾಂ ಹೊಟ್ಟು, ಎರಡು ದೊಡ್ಡ ಚಮಚದಷ್ಟು, ದಿನಕ್ಕೆ ಎರಡು ಸಲ ಹಂಚಿಕೊಂಡು.

ಕೆಲಸ ಮಾಡುವ ರೀತಿ ಸರಳ. ನಮ್ಮ ಲಿವರ್ ಕೊಲೆಸ್ಟರಾಲಿನಿಂದಲೇ ಪಿತ್ತರಸ ತಯಾರಿಸುತ್ತದೆ. ಮಾಮೂಲಿಯಾಗಿ ಕರುಳು ಅದನ್ನು ವಾಪಸ್ ಹೀರಿ ಲಿವರಿಗೆ ಕಳಿಸುತ್ತದೆ. ಇಸಬ್‌ಗೋಲ್ ನೀರು ಹೀರಿ ಲೋಳೆಯಾಗಿ ಆ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಆಗ ಲಿವರ್ ಹೊಸ ಪಿತ್ತರಸಕ್ಕಾಗಿ ರಕ್ತದಲ್ಲಿರುವ ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಇದರಿಂದ ಎಲ್‌ಡಿಎಲ್ 5ರಿಂದ 10 ಶೇಕಡಾ ಇಳಿಯುತ್ತದೆ. ಮಧುಮೇಹ ಇದ್ದವರಿಗೆ ಊಟದ ನಂತರದ ಶುಗರ್ ಏರುವುದೂ ಸ್ವಲ್ಪ ತಗ್ಗುತ್ತದೆ.

ಕುಡಿಯುವುದಕ್ಕೂ ಕ್ರಮ ಇದೆ. ಒಂದು ಲೋಟ ತುಂಬ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು, ಒಣ ಹೊಟ್ಟು ಬಾಯಿಗೆ ಹಾಕಿಕೊಳ್ಳಲೇಬಾರದು, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವ ವಯಸ್ಸಾದವರಿಗೆ, ಕರುಳಿನ ಅಡಚಣೆ ಇದ್ದವರಿಗೆ ಇದು ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಮಾತ್ರೆಯನ್ನೂ ಅದೇ ಹಿಡಿದುಕೊಂಡು ಹೋಗುತ್ತದೆ. ಮೊದಲ ವಾರ ಗ್ಯಾಸ್ ಆಗುತ್ತದೆ, ಅರ್ಧ ಚಮಚದಿಂದ ಶುರು ಮಾಡಿ. ಕಿತ್ತಳೆ ಫ್ಲೇವರ್ ಹಾಕಿದ ಡಬ್ಬಿಗಳಲ್ಲಿ ಸಕ್ಕರೆ ಇರುವುದೂ ಉಂಟು, ಹಿಂದೆ ತಿರುಗಿಸಿ ಓದಿ.

ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲುಕಾನ್ ಅನ್ನುವ ಕರಗುವ ನಾರು ಕೂಡ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ದಿನಕ್ಕೆ 3 ಗ್ರಾಂ ಬೇಕು. ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್, ದೊಡ್ಡ ಬಟ್ಟಲಿನಲ್ಲಿ ಎರಡು ಸಲ. ನಮ್ಮಲ್ಲಿ ಅಷ್ಟು ಓಟ್ಸ್ ದಿನಾ ತಿನ್ನುವವರು ಯಾರಿದ್ದಾರೆ ಹೇಳಿ. ಮಸಾಲಾ ಓಟ್ಸ್ ಪೊಟ್ಟಣ ತಂದರೆ ಉಪ್ಪೂ ಜೊತೆಗೆ ಬರುತ್ತದೆ. ಹಾಗಾಗಿ ಇಸಬ್‌ಗೋಲ್ ಮುಂದೆ.

ಪ್ಲಾಂಟ್ ಸ್ಟೆರಾಲ್ ಅಂತ ಇನ್ನೊಂದಿದೆ, ಗಿಡಗಳಲ್ಲಿರುವ ಕೊಲೆಸ್ಟರಾಲಿನಂಥ ವಸ್ತು. ದಿನಕ್ಕೆ 2 ಗ್ರಾಂ ಊಟದ ಜೊತೆ ತೆಗೆದುಕೊಂಡರೆ ಎಲ್‌ಡಿಎಲ್ 8ರಿಂದ 10 ಶೇಕಡಾ ಇಳಿಯುತ್ತದೆ. ಸಂಖ್ಯೆ ನೋಡಿದರೆ ಇಸಬ್‌ಗೋಲಿಗೆ ಸಮ. ಆದರೆ ಬೆಲೆ ಜಾಸ್ತಿ, ಹೃದಯಾಘಾತ ಕಡಿಮೆಯಾಯಿತು ಅಂತ ತೋರಿಸಿದ ದೊಡ್ಡ ಅಧ್ಯಯನ ಇಲ್ಲ, ಮಾತ್ರೆಯಲ್ಲಿ ತೆಗೆದುಕೊಳ್ಳುವುದಾದರೆ ಆ 2 ಗ್ರಾಂ ಮುಟ್ಟಲು ದಿನಕ್ಕೆ ಹಲವು ಮಾತ್ರೆ ನುಂಗಬೇಕಾಗಬಹುದು. ದುಡ್ಡಿನ ಚಿಂತೆ ಇಲ್ಲದವರು ನೋಡಬಹುದು, ನಾನಂತೂ ಕೊಳ್ಳುವುದಿಲ್ಲ.

ಈಗ ಕೆಂಪು ಯೀಸ್ಟ್ ಅಕ್ಕಿಗೆ ಬರೋಣ. ಇದು ಕರಾವಳಿಯ ಕೆಂಪು ಕುಚಲಕ್ಕಿ ಅಲ್ಲ, ಅಕ್ಕಿಯ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸಿ ಮಾಡಿದ್ದು. ‘ನೈಸರ್ಗಿಕವಾಗಿ ಕೊಲೆಸ್ಟರಾಲ್ ಇಳಿಸಿ’ ಅಂತ ಆನ್‌ಲೈನಿನಲ್ಲಿ ಜೋರಾಗಿ ಮಾರುತ್ತಾರೆ. ಇಳಿಸುತ್ತದೆ ನಿಜ. ಯಾಕೆ ಗೊತ್ತಾ? ಅದರಲ್ಲಿರುವ ಮೊನಕೋಲಿನ್ ಕೆ ಅನ್ನುವುದೇ ಲೋವಾಸ್ಟ್ಯಾಟಿನ್, ಅಂದರೆ ಕೊಲೆಸ್ಟರಾಲ್ ಇಳಿಸಲು ಡಾಕ್ಟರ್ ಬರೆಯುವ ಸ್ಟ್ಯಾಟಿನ್ ಗುಂಪಿನದೇ ಒಂದು ಔಷಧಿ. ಸ್ಟ್ಯಾಟಿನ್ ಬೇಡ ಅಂತ ಓಡಿ ಹೋಗಿ ಅಳತೆ ಇಲ್ಲದ ಸ್ಟ್ಯಾಟಿನ್ ನುಂಗಿದ ಹಾಗೆ. ಅಮೆರಿಕದಲ್ಲಿ 12 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಕ್ಯಾಪ್ಸೂಲಿನಲ್ಲಿ 0.1 ಮಿ.ಗ್ರಾಂ, ಇನ್ನೊಂದರಲ್ಲಿ 10 ಮಿ.ಗ್ರಾಂ ಮೊನಕೋಲಿನ್ ಇತ್ತು. ನೂರು ಪಟ್ಟು ವ್ಯತ್ಯಾಸ! ನಾಲ್ಕರಲ್ಲಿ ಕಿಡ್ನಿಗೆ ವಿಷವಾಗುವ ಸಿಟ್ರಿನಿನ್ ಕೂಡ ಇತ್ತು. ಯುರೋಪಿನಲ್ಲಿ 2022ರಿಂದ ದಿನಕ್ಕೆ 3 ಮಿ.ಗ್ರಾಂಗಿಂತ ಕಡಿಮೆ ಇರಬೇಕು ಅಂತ ನಿಯಮ ಮಾಡಿದ್ದಾರೆ. 2024ರ ಮಾರ್ಚ್‌ನಲ್ಲಿ ಜಪಾನಿನ ಕೊಬಯಾಶಿ ಫಾರ್ಮಾಸ್ಯುಟಿಕಲ್ ಕಂಪನಿ ತನ್ನ ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು, ತಿಂದ ಎಷ್ಟೋ ಜನರ ಕಿಡ್ನಿ ಕೆಟ್ಟಿತ್ತು. ಇದು ಯಾರಿಗೂ ಬೇಡ. ಸ್ಟ್ಯಾಟಿನ್ ಬೇಕಿದ್ದರೆ ಸ್ಟ್ಯಾಟಿನ್ನೇ ತೆಗೆದುಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಒಂದು ಪಟ್ಟಿಗೆ ಕೊಡುವ ದುಡ್ಡು ಇವುಗಳ ಬೆಲೆಯ ಮುಂದೆ ಏನೂ ಅಲ್ಲ.

ಬೆಳ್ಳುಳ್ಳಿ? ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಜಗಿಯುವವರು ನಮ್ಮಲ್ಲಿ ಮನೆಗೊಬ್ಬರು. ಸ್ಟ್ಯಾನ್‌ಫರ್ಡಿನಲ್ಲಿ 192 ಜನರ ಮೇಲೆ ಆರು ತಿಂಗಳು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿ, ಇನ್ನೊಂದಕ್ಕೆ ಪುಡಿಯ ಮಾತ್ರೆ, ಮತ್ತೊಂದಕ್ಕೆ ಹಳೆಯದಾಗಿಸಿದ ಬೆಳ್ಳುಳ್ಳಿಯ ಸಾರ, ಕೊನೆಯ ಗುಂಪಿಗೆ ಹುಸಿ ಮಾತ್ರೆ, ಅಂದರೆ ಔಷಧಿಯೇ ಇಲ್ಲದ ಮಾತ್ರೆ. ಯಾವುದರಿಂದಲೂ ಎಲ್‌ಡಿಎಲ್ ಇಳಿಯಲಿಲ್ಲ. ಒಗ್ಗರಣೆಗೆ ಹಾಕಿ, ರುಚಿಗೆ ತಿನ್ನಿ. ಎಲ್‌ಡಿಎಲ್‌ಗೆ ಅಂತ ಮಾತ್ರೆ ಕೊಳ್ಳಬೇಡಿ. ಬಿಪಿಯ ವಿಷಯ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಇವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರಾದರೂ ಹೋಲಿಸಿದ್ದಾರಾ ಅಂದರೆ, ಹೌದು. 2022ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಸ್ಪೋರ್ಟ್ ಅನ್ನುವ ಹೆಸರಿನ ಅಧ್ಯಯನ ಪ್ರಕಟಿಸಿದರು. 190 ಜನ, 28 ದಿನ. ಒಂದು ಗುಂಪಿಗೆ ರೋಸುವಾಸ್ಟ್ಯಾಟಿನ್ 5 ಮಿ.ಗ್ರಾಂ, ಉಳಿದವರಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಪ್ಲಾಂಟ್ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ ಇವುಗಳಲ್ಲಿ ಒಂದೊಂದು ಅಥವಾ ಹುಸಿ ಮಾತ್ರೆ. ಸ್ಟ್ಯಾಟಿನ್ ತೆಗೆದುಕೊಂಡವರ ಎಲ್‌ಡಿಎಲ್ ಸುಮಾರು 38 ಶೇಕಡಾ ಇಳಿಯಿತು. ಉಳಿದ ಆರೂ ಹುಸಿ ಮಾತ್ರೆಗಿಂತ ಹೇಳಿಕೊಳ್ಳುವಷ್ಟು ಇಳಿಸಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಂತೂ ಸ್ವಲ್ಪ ಏರಿತ್ತು. ಇದಕ್ಕೆ ದುಡ್ಡು ಕೊಟ್ಟದ್ದು ರೋಸುವಾಸ್ಟ್ಯಾಟಿನ್ ತಯಾರಿಸುವ ಆಸ್ಟ್ರಾಜೆನೆಕಾ ಕಂಪನಿಯೇ, ಅದನ್ನು ಮರೆಯಬಾರದು. 28 ದಿನ ಅನ್ನುವುದೂ ಕಡಿಮೆ ಅವಧಿ. ಮೀನೆಣ್ಣೆಯನ್ನು ಎಲ್‌ಡಿಎಲ್‌ಗೆ ಅಂತ ಬಲ್ಲವರು ಯಾರೂ ಕೊಡುವುದೂ ಇಲ್ಲ. ಇಸಬ್‌ಗೋಲ್ ಆ ಸಾಲಿನಲ್ಲಿ ಇರಲೇ ಇಲ್ಲ. ಇಷ್ಟೆಲ್ಲ ಕಳೆದರೂ 38 ಅನ್ನುವ ಅಂಕಿ ಹತ್ತಿರಕ್ಕೆ ಬರುವ ಡಬ್ಬಿ ಒಂದೂ ಇಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ಎಲ್‌ಡಿಎಲ್ 160 ಇದೆ ಅಂತಿಟ್ಟುಕೊಳ್ಳಿ. ಇಸಬ್‌ಗೋಲ್ ಸರಿಯಾಗಿ ತೆಗೆದುಕೊಂಡರೆ 150ರ ಆಸುಪಾಸಿಗೆ ಬರುತ್ತದೆ, ಸ್ಟ್ಯಾಟಿನ್ ಸಣ್ಣ ಡೋಸಿನಲ್ಲೇ 100ಕ್ಕೆ ತರುತ್ತದೆ. ನಿಮಗೆ ಮೂವತ್ತೈದು ವಯಸ್ಸು, ಶುಗರ್ ಇಲ್ಲ, ಬಿಪಿ ಇಲ್ಲ, ಸಿಗರೇಟ್ ಇಲ್ಲ, ಡಾಕ್ಟರ್ ‘ಮೂರು ತಿಂಗಳು ಊಟ ಸರಿ ಮಾಡಿ ನೋಡೋಣ’ ಅಂದಿದ್ದಾರೆ ಅಂದರೆ ಇಸಬ್‌ಗೋಲಿಗೆ ಜಾಗ ಇದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ 150 ಸಾಲುವುದಿಲ್ಲ. ಅವರು ಸ್ಟ್ಯಾಟಿನ್ ಬಿಟ್ಟು ಇದನ್ನು ಹಿಡಿಯುವ ಯೋಚನೆಯನ್ನೇ ಮಾಡಬಾರದು, ಬೇಕಿದ್ದರೆ ಜೊತೆಗೆ ತೆಗೆದುಕೊಳ್ಳಲಿ.

ಟ್ರೈಗ್ಲಿಸರೈಡ್ ಮತ್ತು ಮೀನೆಣ್ಣೆ

ಅತಿ ಹೆಚ್ಚು ಮಾರಾಟ, ಅತಿ ಹೆಚ್ಚು ಗೊಂದಲ ಎರಡೂ ಇಲ್ಲೇ.

ಮೊದಲು ಡಬ್ಬಿಯ ಮುಂಭಾಗದ ಮೋಸ ಹೇಳಿಬಿಡುತ್ತೇನೆ. ‘ಫಿಶ್ ಆಯಿಲ್ 1000 ಮಿ.ಗ್ರಾಂ’ ಅಂತ ದೊಡ್ಡ ಅಕ್ಷರದಲ್ಲಿರುತ್ತದೆ. ಅದು ಬರೀ ಎಣ್ಣೆಯ ತೂಕ. ಕೆಲಸ ಮಾಡುವುದು ಅದರೊಳಗಿನ ಇಪಿಎ ಮತ್ತು ಡಿಎಚ್‌ಎ ಅನ್ನುವ ಎರಡು ಒಮೆಗಾ 3 ಕೊಬ್ಬುಗಳು. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಕೂಡಿಸಿದರೆ 300 ಮಿ.ಗ್ರಾಂ. ಉಳಿದದ್ದು ಬೇರೆ ಕೊಬ್ಬು. ಎರಡು ಡಬ್ಬಿ ಹೋಲಿಸುವಾಗ ಈ 300ರ ಅಂಕಿಯನ್ನು ಹೋಲಿಸಿ, 1000ದ್ದನ್ನಲ್ಲ. 500 ಇಪಿಎ, 300 ಡಿಎಚ್‌ಎ ಇರುವ ಡಬ್ಬಿ ದುಬಾರಿ ಅಂತ ಅನ್ನಿಸಿದರೂ ಲೆಕ್ಕ ಹಾಕಿದರೆ ಅಗ್ಗ ಬಿದ್ದೀತು. ಹಳದಿ ಬಣ್ಣದ ಕಾಡ್ ಲಿವರ್ ಆಯಿಲ್ ಇನ್ನೊಂದು ಕಥೆ. ಅದು ಮೀನಿನ ಲಿವರಿನ ಎಣ್ಣೆ, ವಿಟಮಿನ್ ಎ ಮತ್ತು ಡಿ ಅದರ ಮುಖ್ಯ ಸರಕು. ಒಮೆಗಾ 3 ಆಸೆಗೆ ಅದನ್ನು ದಿನಾ ನಾಲ್ಕೈದು ನುಂಗಿದರೆ ವಿಟಮಿನ್ ಎ ಮೈಗೆ ಜಾಸ್ತಿಯಾಗುತ್ತದೆ. ಬಸುರಿಯರಿಗೆ ಅದು ಅಪಾಯವೇ.

ಇನ್ನು ಹೃದಯಕ್ಕೆ ಉಪಯೋಗ ಇದೆಯಾ? ಇಲ್ಲಿ ಕಾಲ ಬದಲಾಗಿದೆ. 1999ರಲ್ಲಿ ಇಟಲಿಯಲ್ಲಿ ಹೃದಯಾಘಾತ ಆಗಿದ್ದ 11 ಸಾವಿರಕ್ಕೂ ಹೆಚ್ಚು ಜನರಿಗೆ ದಿನಕ್ಕೊಂದು ಕ್ಯಾಪ್ಸೂಲ್ ಕೊಟ್ಟಾಗ ಸಾವು ಕಡಿಮೆಯಾಗಿತ್ತು. ಮೀನೆಣ್ಣೆಯ ಹೆಸರು ಎದ್ದದ್ದೇ ಆಗ. ಅದು ಸ್ಟ್ಯಾಟಿನ್ ಬಳಕೆ ಕಡಿಮೆ ಇದ್ದ ಕಾಲ. ಆಮೇಲೆ ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಆರೋಗ್ಯವಂತರಿಗೆ ಐದು ವರ್ಷ ದಿನಕ್ಕೆ 1 ಗ್ರಾಂ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಸಾವು ಎಲ್ಲ ಸೇರಿ ಮೀನೆಣ್ಣೆ ಗುಂಪಿನಲ್ಲಿ 386, ಹುಸಿ ಮಾತ್ರೆಯವರಲ್ಲಿ 419. ವ್ಯತ್ಯಾಸ ಇದೆ ಅನ್ನುವಂತಿಲ್ಲ. ಬ್ರಿಟನ್ನಿನ ಅಸೆಂಡ್ ಅಧ್ಯಯನದಲ್ಲಿ 15,480 ಮಧುಮೇಹಿಗಳಿಗೆ ಕೊಟ್ಟರು, ಅಲ್ಲೂ ಉಪಯೋಗ ಕಾಣಲಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಏನೂ ತೊಂದರೆ ಇಲ್ಲದೆ ಸುಮ್ನೆ ದಿನಕ್ಕೊಂದು ಕ್ಯಾಪ್ಸೂಲ್ ನುಂಗುವವರು ಆ ದುಡ್ಡಿಗೆ ಬಂಗುಡೆ ತರಬಹುದು.

ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರ ಕಥೆ ಬೇರೆ. 150ರ ಕೆಳಗಿದ್ದರೆ ಸರಿ, 200 ದಾಟಿದರೆ ಜಾಸ್ತಿ, 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ. ದಿನಕ್ಕೆ 4 ಗ್ರಾಂ ಇಪಿಎ, ಡಿಎಚ್‌ಎ ಕೊಟ್ಟರೆ ಇದು 20ರಿಂದ 30 ಶೇಕಡಾ ಇಳಿಯುತ್ತದೆ. ಆದರೆ 300 ಮಿ.ಗ್ರಾಂನ ಕ್ಯಾಪ್ಸೂಲಿನಲ್ಲಿ 4 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ 13ಕ್ಕೂ ಹೆಚ್ಚು ನುಂಗಬೇಕು! ಅದಕ್ಕೇ ಇದು ಡಾಕ್ಟರ್ ಚೀಟಿಯ ಮೇಲೆ ಬರುವ ಗಟ್ಟಿ ಒಮೆಗಾ 3ರ ಕೆಲಸ, ಅಂಗಡಿ ಡಬ್ಬಿಯದಲ್ಲ.

ಆ ದೊಡ್ಡ ಡೋಸಿನಲ್ಲೂ ಜಗಳ ಮುಗಿದಿಲ್ಲ. ರೆಡ್ಯೂಸ್ ಇಟ್ ಅನ್ನುವ ಅಧ್ಯಯನದಲ್ಲಿ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದೂ ಟ್ರೈಗ್ಲಿಸರೈಡ್ ಜಾಸ್ತಿ ಇದ್ದ 8,179 ಜನರಿಗೆ ಶುದ್ಧ ಇಪಿಎ 4 ಗ್ರಾಂ ಕೊಟ್ಟರು. ಹೃದಯದ ತೊಂದರೆಗಳು 22 ಶೇಕಡಾದಿಂದ 17ಕ್ಕೆ ಇಳಿದವು. ಭರ್ಜರಿ ಫಲಿತಾಂಶ. 2020ರಲ್ಲಿ ಬಂದ ಸ್ಟ್ರೆಂತ್ ಅಧ್ಯಯನದಲ್ಲಿ 13,078 ಜನರಿಗೆ ಇಪಿಎ, ಡಿಎಚ್‌ಎ ಎರಡೂ ಸೇರಿಸಿ ಅಷ್ಟೇ ಡೋಸ್ ಕೊಟ್ಟರೆ ಏನೂ ಉಪಯೋಗ ಆಗಲಿಲ್ಲ, ಮಧ್ಯದಲ್ಲೇ ನಿಲ್ಲಿಸಿದರು. ಮೊದಲನೆಯದರಲ್ಲಿ ಹುಸಿ ಮಾತ್ರೆಗೆ ಖನಿಜ ಎಣ್ಣೆ ಬಳಸಿದ್ದರು. ಅದೇ ಆ ಗುಂಪಿನವರಿಗೆ ಕೆಡುಕು ಮಾಡಿ, ಇಪಿಎ ಚೆನ್ನಾಗಿ ಕಾಣುವಂತೆ ಮಾಡಿತು ಅಂತ ಒಂದು ವಾದ. ಶುದ್ಧ ಇಪಿಎಯೇ ಬೇರೆ ರೀತಿ ಕೆಲಸ ಮಾಡುತ್ತದೆ ಅಂತ ಇನ್ನೊಂದು ವಾದ. ಎರಡರಲ್ಲೂ ಒಪ್ಪಿಗೆಯಾದದ್ದು ಒಂದೇ: ದೊಡ್ಡ ಡೋಸಿನಲ್ಲಿ ಹೃದಯದ ಬಡಿತ ತಾಳ ತಪ್ಪುವ ತೊಂದರೆ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಸ್ವಲ್ಪ ಹೆಚ್ಚಾಗುತ್ತದೆ. ಈಗಾಗಲೇ ಎದೆ ಡವಡವ ಅನ್ನುವ ತೊಂದರೆ ಇದ್ದವರು ತಾವಾಗಿಯೇ ಡೋಸ್ ಏರಿಸಿಕೊಳ್ಳಬಾರದು.

ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ. ಟ್ರೈಗ್ಲಿಸರೈಡ್ ಏರಿಸುವುದು ಸಕ್ಕರೆ, ರಾಶಿ ಅನ್ನ, ಮೈದಾ, ಬೇಕರಿ ತಿಂಡಿ, ಕುಡಿತ ಮತ್ತು ಹತೋಟಿಯಲ್ಲಿಲ್ಲದ ಶುಗರ್. ವಾರಕ್ಕೆ ನಾಲ್ಕು ದಿನ ಪೆಗ್ ಹಾಕುತ್ತಾ ಮೀನೆಣ್ಣೆ ಕ್ಯಾಪ್ಸೂಲ್ ಕೊಳ್ಳುವುದರಲ್ಲಿ ಏನರ್ಥ ಇದೆ?

ಮೀನು ತಿನ್ನುವವರಿಗೆ ಒಂದು ಅನುಕೂಲ ಇದೆ. ಬೂತಾಯಿ, ಬಂಗುಡೆ ಎರಡೂ ಎಣ್ಣೆ ಮೀನುಗಳೇ, ಸುರ್ಮೈ, ಪಾಂಫ್ರೆಟಿಗಿಂತ ಅಗ್ಗ. ವಾರಕ್ಕೆರಡು ಸಲ ತಿನ್ನಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ, ಮಂಗಳೂರಿನವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಋತುವಿನ ಮೇಲೆ ಎಣ್ಣೆಯಂಶ ಬದಲಾಗುತ್ತದೆ, ಆದರೂ ಒಂದು ಊಟದ ಬೂತಾಯಿ ಪುಳಿಮುಂಚಿ ಎರಡು ಮೂರು ಕ್ಯಾಪ್ಸೂಲಿಗೆ ಕಡಿಮೆ ಇಲ್ಲ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಮೀನು ಮುಟ್ಟದವರಿಗೆ

ಎರಡು ದಾರಿ. ಒಂದು ಅಗಸೆ, ಇನ್ನೊಂದು ಪಾಚಿಯ ಎಣ್ಣೆ. ಅಗಸೆಯಲ್ಲಿರುವುದು ಎಎಲ್‌ಎ ಅನ್ನುವ ಒಮೆಗಾ 3. ನಮ್ಮ ದೇಹ ಅದನ್ನು ಇಪಿಎಗೆ ಬದಲಾಯಿಸುವುದು ತೀರಾ ಸ್ವಲ್ಪ, ಡಿಎಚ್‌ಎಗೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಅಗಸೆ ಎಣ್ಣೆಯ ಕ್ಯಾಪ್ಸೂಲನ್ನು ಮೀನೆಣ್ಣೆಗೆ ಬದಲಿ ಅಂತ ಮಾರುವುದು ಸರಿಯಲ್ಲ. ಇಪಿಎ, ಡಿಎಚ್‌ಎ ಬೇಕೇ ಬೇಕು ಅಂದರೆ ಪಾಚಿಯ ಎಣ್ಣೆ ತೆಗೆದುಕೊಳ್ಳಿ. ಮೀನಿಗೂ ಅದು ಪಾಚಿಯಿಂದಲೇ ಬರುವುದು. ದುಬಾರಿ, ಮತ್ತೆ ಕೆಲವು ಡಬ್ಬಿಗಳಲ್ಲಿ ಡಿಎಚ್‌ಎ ಮಾತ್ರ ಇರುತ್ತದೆ, ನೋಡಿ ಕೊಳ್ಳಿ.

ಹಾಗಂತ ಅಗಸೆ ದಂಡ ಅಲ್ಲ. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ಜನರಿಗೆ ಆರು ತಿಂಗಳು ದಿನಕ್ಕೆ 30 ಗ್ರಾಂ ಅಗಸೆ ಪುಡಿ ಕೊಟ್ಟಾಗ ಮೇಲಿನ ಬಿಪಿ ಸುಮಾರು 10 ಅಂಕ ಇಳಿಯಿತು, 2013ರ ವರದಿ. ನಾರು ಬೇರೆ ಸಿಗುತ್ತದೆ. ಇಡೀ ಕಾಳು ತಿಂದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿಯೇ ತಿನ್ನಬೇಕು. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುವುದು ಇದೇ ಅಲ್ವಾ! ಉಪ್ಪು ಕಮ್ಮಿ ಹಾಕಿ ಕುಟ್ಟಿದರೆ ಇದಕ್ಕಿಂತ ಒಳ್ಳೆಯ ಸಪ್ಲಿಮೆಂಟ್ ಬೇಡ. ಗುರೆಳ್ಳು ಪುಡಿ ರುಚಿಯಲ್ಲಿ ಒಂದು ಕೈ ಮೇಲಿರಬಹುದು, ಆದರೆ ಅದರಲ್ಲಿರುವುದು ಬಹುಪಾಲು ಒಮೆಗಾ 6, ಇಲ್ಲಿ ಲೆಕ್ಕಕ್ಕಿಲ್ಲ.

ಬಿಪಿಗೆ ಡಬ್ಬಿಗಿಂತ ಉಪ್ಪು

ಬೆಳ್ಳುಳ್ಳಿ ಮಾತ್ರೆಗೆ ಇಲ್ಲಿ ಸ್ವಲ್ಪ ಮರ್ಯಾದೆ ಇದೆ. ಬಿಪಿ ಈಗಾಗಲೇ ಜಾಸ್ತಿ ಇದ್ದವರಲ್ಲಿ ಮೇಲಿನ ಅಂಕಿ ಸ್ವಲ್ಪ ಇಳಿದದ್ದು ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಬಿಪಿ ಮಾತ್ರೆ ಬಿಡುವಷ್ಟಲ್ಲ.

ನಾನು ದುಡ್ಡು ಹಾಕುವುದಾದರೆ ಕಡಿಮೆ ಸೋಡಿಯಂ ಉಪ್ಪಿನ ಮೇಲೆ ಹಾಕುತ್ತೇನೆ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದು 2021ರಲ್ಲಿ ಬಂದ ಅಧ್ಯಯನದಲ್ಲಿ, ಅಡುಗೆಯ ಉಪ್ಪಿನಲ್ಲಿ ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ್ದಕ್ಕೇ ಪಾರ್ಶ್ವವಾಯು 14 ಶೇಕಡಾ ಕಡಿಮೆಯಾಯಿತು. ಸಾವೂ ಕಡಿಮೆಯಾಯಿತು. ಇಷ್ಟು ಹೊತ್ತು ನೋಡಿದ ಎಷ್ಟು ಕ್ಯಾಪ್ಸೂಲ್‌ಗಳು ಈ ಮಾತು ಹೇಳಬಲ್ಲವು? ಆದರೆ ಎಚ್ಚರ. ಕಿಡ್ನಿ ತೊಂದರೆ ಇದ್ದವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತರಹದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಕೇಳದೆ ಈ ಉಪ್ಪು ತರಬಾರದು, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ಮತ್ತೆ, ಉಪ್ಪು ಬದಲಾಯಿಸಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಗೇ ಮುಂದುವರಿಸಿದರೆ ಪ್ರಯೋಜನ ಇಲ್ಲ.

ಹೃದಯವೇ ದುರ್ಬಲ ಆಗಿದ್ದರೆ: ಕೋಕ್ಯೂ10 ಮತ್ತು ಅರ್ಜುನ

ಎಕೋ ಮಾಡಿಸಿ ‘ಪಂಪಿಂಗ್ 30 ಪರ್ಸೆಂಟ್ ಇದೆ’ ಅಂತ ಹೇಳಿಸಿಕೊಂಡವರಿಗೆ ಮಾತ್ರ ಈ ಭಾಗ.

ಕೋಕ್ಯೂ10 ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಾಗುವ ಜಾಗದಲ್ಲಿರುವ ವಸ್ತು, 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದನದ ಹೃದಯದಿಂದ ಇದನ್ನು ಮೊದಲು ಬೇರ್ಪಡಿಸಿದರು. ಕ್ಯೂ ಸಿಂಬಿಯೋ ಅನ್ನುವ 2014ರ ಅಧ್ಯಯನದಲ್ಲಿ ಹೃದಯ ವೈಫಲ್ಯದ 420 ಜನರಿಗೆ ದಿನಕ್ಕೆ ಮೂರು ಸಲ 100 ಮಿ.ಗ್ರಾಂನಂತೆ ಎರಡು ವರ್ಷ ಕೊಟ್ಟರು. ದೊಡ್ಡ ತೊಂದರೆಗಳು 26 ಶೇಕಡಾದಿಂದ 15ಕ್ಕೆ ಇಳಿದವು. ಅಂಕಿ ಚೆನ್ನಾಗಿದೆ, ಜನ ಕಡಿಮೆ. ಉಳಿದ ಔಷಧಿಗಳ ಜೊತೆಗೆ, ಡಾಕ್ಟರ್ ಒಪ್ಪಿದರೆ, ಕೈಯಲ್ಲಿ ದುಡ್ಡೂ ಇದ್ದರೆ ಪ್ರಯತ್ನಿಸಬಹುದು. ಡೋಸ್ ಗಮನಿಸಿ: ದಿನಕ್ಕೆ 300 ಮಿ.ಗ್ರಾಂ. 30 ಮಿ.ಗ್ರಾಂನ ಮಾತ್ರೆ ಒಂದು ನುಂಗಿ ಅದೇ ಫಲ ಬಯಸಬಾರದು. ಎಣ್ಣೆಯಂಶ ಇರುವ ಊಟದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ. ಸ್ಟ್ಯಾಟಿನ್‌ನಿಂದ ಬರುವ ಮೈಕೈ ನೋವಿಗೆ ಅಂತಲೂ ಇದನ್ನು ಬರೆಯುತ್ತಾರೆ, ಅಲ್ಲಿ ಕೆಲವು ಅಧ್ಯಯನ ಹೌದು ಅಂದರೆ ಕೆಲವು ಇಲ್ಲ ಅನ್ನುತ್ತವೆ. ಸುಮ್ನೆ ‘ಎನರ್ಜಿಗೆ’ ಅಂತ ಆರೋಗ್ಯವಂತರು ತಿನ್ನುವುದು ಬೇಡ.

ಅರ್ಜುನ ಅಂದರೆ ನಮ್ಮ ಹೊಳೆಮತ್ತಿ. ಕಾವೇರಿ ದಂಡೆಯಲ್ಲಿ ಬೆಳ್ಳಗಿನ ಬೊಡ್ಡೆಯ ದೊಡ್ಡ ಮರಗಳು ನಿಂತಿರುತ್ತವಲ್ಲ, ಅವೇ. ಆಯುರ್ವೇದದಲ್ಲಿ ಇದರ ತೊಗಟೆಯನ್ನು ಹಾಲಿನಲ್ಲಿ ಕಾಯಿಸಿ ಕೊಡುವ ಪದ್ಧತಿ ಹಳೆಯದು. ಎದೆನೋವಿನವರಲ್ಲಿ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ದೆಹಲಿಯ ಏಮ್ಸ್‌ನವರು ಹೃದಯ ವೈಫಲ್ಯದವರಿಗೆ 12 ವಾರ ಹುಸಿ ಮಾತ್ರೆಯ ಎದುರು ಇಟ್ಟು ಪರೀಕ್ಷಿಸಿದಾಗ ಪಂಪ್ ಮಾಡುವ ಶಕ್ತಿ ಹೆಚ್ಚಲಿಲ್ಲ. ಇದೇ ಕಾಯಿಲೆಗೆ ಎರಡರಲ್ಲಿ ಒಂದು ಅಂದರೆ ಕೋಕ್ಯೂ10ಗೆ ಸಾಕ್ಷಿ ಜಾಸ್ತಿ, ಅರ್ಜುನಕ್ಕೆ ಬೆಲೆ ಕಡಿಮೆ. ವೈದ್ಯರ ಸಲಹೆ ಮೇಲೆ ಅರ್ಜುನ ತೆಗೆದುಕೊಳ್ಳುವವರನ್ನು ನಾನು ಬೇಡ ಅನ್ನುವುದಿಲ್ಲ, ಬಿಪಿ ಮಾತ್ರೆ ನಿಲ್ಲಿಸಿ ಅರ್ಜುನ ಹಿಡಿದವರನ್ನು ಮಾತ್ರ ಖಂಡಿತ ತಡೆಯುತ್ತೇನೆ.

ದಂಡದ ಪಟ್ಟಿ

ವಿಟಮಿನ್ ಇ: 2000ದ ಹೋಪ್ ಅಧ್ಯಯನದಲ್ಲೇ ಹೃದಯಕ್ಕೆ ಉಪಯೋಗ ಇಲ್ಲ ಅಂತ ಆಯಿತು, 2011ರಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚಾದದ್ದು ಕಂಡಿತು. ಬೀಟಾ ಕ್ಯಾರೊಟಿನ್: ಸಿಗರೇಟ್ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿತು. ಫೋಲಿಕ್ ಆಸಿಡ್, ಬಿ12: ರಕ್ತದಲ್ಲಿ ಹೋಮೊಸಿಸ್ಟೀನ್ ಅನ್ನುವ ವಸ್ತುವಿನ ಅಂಕಿ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಇದ್ದರೆ ಅದಕ್ಕೆ ಅಂತ ತೆಗೆದುಕೊಳ್ಳಿ, ಹಾರ್ಟಿಗೆ ಅಂತಲ್ಲ. ವಿಟಮಿನ್ ಡಿ ಕೂಡ ಹಾಗೇ, ಅದೇ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರೂ ಹೃದಯಕ್ಕೆ ವ್ಯತ್ಯಾಸ ಆಗಲಿಲ್ಲ. ವಾಟ್ಸಾಪಿನ ಶುಂಠಿ, ಬೆಳ್ಳುಳ್ಳಿ, ನಿಂಬೆ, ವಿನೆಗರ್, ಜೇನಿನ ‘ಬ್ಲಾಕೇಜ್ ಕರಗಿಸುವ’ ಕಷಾಯ: ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಬೆಳೆದ ಗಟ್ಟಿ ಪದರ ವಿನೆಗರಿಗೆ ಕರಗುವುದಿಲ್ಲ. ಮುಂದಿನದು.

ಕೊಳ್ಳುವಾಗ

ನಮ್ಮ ದೇಶದಲ್ಲಿ ಇವುಗಳಲ್ಲಿ ಹೆಚ್ಚಿನವು ಕಾನೂನಿನ ಪ್ರಕಾರ ಆಹಾರ, ಔಷಧಿ ಅಲ್ಲ. ಅಂಥವನ್ನು ನೋಡಿಕೊಳ್ಳುವುದು ಆಹಾರ ಸುರಕ್ಷತೆಯ ಸಂಸ್ಥೆ ಎಫ್‌ಎಸ್‌ಎಸ್‌ಎಐ. ಡಬ್ಬಿಯ ಮೇಲೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು, ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಕಡ್ಡಾಯವಾಗಿ ಇರಬೇಕು. ಅದೇ ಡಬ್ಬಿಯ ಮುಂದೆ ಕೊಲೆಸ್ಟರಾಲ್ ಮಾಯ ಅಂತ ಬರೆದಿದ್ದರೆ ವಾಪಸ್ ಇಡಿ. ಕ್ಯಾಪ್ಸೂಲಿನ ಕವಚ ಜೆಲಟಿನ್ ಆಗಿರುವುದು ಸಾಮಾನ್ಯ, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುತ್ತದೆ. ಕೋಕ್ಯೂ10 ಕ್ಯಾಪ್ಸೂಲ್‌ಗೂ ಇದೇ ಮಾತು, ಸಸ್ಯಾಹಾರಿಗಳು ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ಅಂತ ನೋಡಿಕೊಳ್ಳಬೇಕು. ಮೀನೆಣ್ಣೆ ಬೇಗ ಕಮಟಾಗುತ್ತದೆ. ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ, ಹಳೆಯ ಎಣ್ಣೆಯ ಗಾಟು ಬಂದರೆ ಆ ಡಬ್ಬಿ ಬೇಡ.

ಅಮೆರಿಕದಿಂದ ಮಗನೋ ಮಗಳೋ ತಂದ ಮುನ್ನೂರು ಕ್ಯಾಪ್ಸೂಲಿನ ದೊಡ್ಡ ಡಬ್ಬಿ ಎಷ್ಟೋ ಮನೆಯಲ್ಲಿದೆ. ಅಲ್ಲಿ 1994ರ ಕಾನೂನಿನಂತೆ ಸಪ್ಲಿಮೆಂಟ್ ಮಾರುವ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕಾಗಿಲ್ಲ. ಯುಎಸ್‌ಪಿ ಮುದ್ರೆ ಇದ್ದರೆ ಲೇಬಲ್‌ನಲ್ಲಿ ಹೇಳಿದಷ್ಟು ಒಳಗಿದೆ ಅಂತ ಬೇರೆಯವರು ಪರೀಕ್ಷಿಸಿದ್ದಾರೆ ಅಂತ ಅರ್ಥ, ತರಿಸುವುದಾದರೆ ಅದನ್ನು ತರಿಸಿ.

ಯಾವುದರ ಜೊತೆ ಯಾವುದು ಕೂಡದು

ವಾಲ್ವ್ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರು ಎಲ್ಲರಿಗಿಂತ ಹುಷಾರಾಗಿರಬೇಕು. ಈಗ ವಿಟಮಿನ್ ಡಿ3 ಮಾತ್ರೆಗಳಲ್ಲಿ ಕೆ2 ಸೇರಿಸಿ ಮಾರುವುದು ಮಾಮೂಲಿಯಾಗಿದೆ. ವಿಟಮಿನ್ ಕೆ ಈ ಔಷಧಿಯ ನೇರ ಎದುರಾಳಿ, ಈ ಔಷಧಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಐಎನ್‌ಆರ್ ಅಂಕಿ ಇಳಿದು ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೋಕ್ಯೂ10 ಕೂಡ ವಾರ್ಫರಿನ್ ಶಕ್ತಿಯನ್ನು ತಗ್ಗಿಸಬಹುದು. ಬೆಳ್ಳುಳ್ಳಿ ಮಾತ್ರೆ, ಹೆಚ್ಚು ಡೋಸಿನ ಮೀನೆಣ್ಣೆ ಇದಕ್ಕೆ ತದ್ವಿರುದ್ಧ, ರಕ್ತ ಸೋರುವುದನ್ನು ಹೆಚ್ಚಿಸಬಹುದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವ ಸ್ಟೆಂಟ್ ಇರುವವರಿಗೂ ಈ ಮಾತು ಸೇರುತ್ತದೆ. ಸ್ಟ್ಯಾಟಿನ್ ಜೊತೆ ಕೆಂಪು ಯೀಸ್ಟ್ ಅಕ್ಕಿ ಸೇರಿದರೆ ಸ್ಟ್ಯಾಟಿನ್ ಡೋಸ್ ಗೊತ್ತಿಲ್ಲದೆ ಹೆಚ್ಚಿ ಸ್ನಾಯು, ಲಿವರ್ ಎರಡಕ್ಕೂ ಪೆಟ್ಟು.

ಆಪರೇಷನ್ ಅಥವಾ ಹಲ್ಲು ಕೀಳಿಸುವುದು ಇದ್ದರೆ ಒಂದೆರಡು ವಾರ ಮೊದಲೇ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ್ ಮುಂದೆ ಇಡಿ. ಪುಡಿ, ಕಷಾಯ, ಪಕ್ಕದ ಮನೆಯವರು ಕೊಟ್ಟ ಪೊಟ್ಟಣ ಎಲ್ಲ ಸೇರಿಸಿ. ‘ಬೇರೆ ಏನಾದರೂ ಔಷಧಿ ತಗೋತಿದೀರಾ’ ಅಂತ ಅವರು ಕೇಳಿದಾಗ ಇವನ್ನು ಔಷಧಿ ಅಂತ ಲೆಕ್ಕ ಹಿಡಿಯದೆ ‘ಇಲ್ಲ’ ಅಂದುಬಿಡುವವರೇ ಜಾಸ್ತಿ.